‘ಪೀ ಕೋಟು’ ಎಂಬುದನ್ನು ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಹಡಗಿನ ಬದುಕನ್ನು ಕುರಿತ ಕಥೆಯೊಂದರ ಕನ್ನಡ ಅನುವಾದದ ಕರಡನ್ನು ತಿದ್ದುತ್ತಿದ್ದಾಗ, ನಾವಿಕನೊಬ್ಬ ‘ಬಟಾಣಿ ಕೋಟಿನ ಕಾಲರನ್ನು ಕಿವಿಯವರೆಗೆ ಎತ್ತಿಕೊಂಡ’ ಎಂಬ ವಾಕ್ಯ ಎದುರಾಯಿತು. ಬಟಾಣಿ ಬಣ್ಣದ ಕೋಟಿರಬೇಕೆಂದು ನಾನೂ ಕ್ಷಣಕಾಲ ನಂಬಿದೆ. ಮೂಲವನ್ನು ತೆರೆದು ನೋಡಿದರೆ ಅಲ್ಲಿದ್ದದ್ದು ‘ಪೀ ಕೋಟ್’, ಎಂದರೆ ನಾವಿಕರು ತೊಡುವ ದಪ್ಪ ಉಣ್ಣೆಯ ಗಿಡ್ಡ ಕೋಟು. ಅದರ ಬಣ್ಣವೋ ಕಡುನೀಲಿ.

ಇಂಗ್ಲಿಷಿನಲ್ಲಿ ‘ಪೀ’ ಎಂದರೆ ಬಟಾಣಿಯೇ ಆದರೂ, ಈ ‘ಪೀ’ಗೂ ಆ ಕಾಳಿಗೂ ನಂಟಿಲ್ಲ. ಡಚ್ ಭಾಷೆಯಲ್ಲಿ ಒರಟು ಉಣ್ಣೆಯ ಬಟ್ಟೆಗೆ ‘ಪೈ’ ಎಂದೂ ಮೇಲಂಗಿಗೆ ‘ಯೆಕ್ಕರ್’ ಎಂದೂ ಹೆಸರು. ಇವೆರಡೂ ಕೂಡಿದ ‘ಪೈಯೆಕ್ಕರ್’ ಎಂಬ ಸಮಾಸದ ಮೊದಲ ಪದವನ್ನು ಹಳೆಯ ಉಚ್ಚಾರಣೆಯಲ್ಲೇ ಇಟ್ಟುಕೊಂಡು, ಎರಡನೆಯದನ್ನು ತಮ್ಮ ಮಾತಿಗೆ ತಿರುಗಿಸಿಕೊಂಡ ಇಂಗ್ಲಿಷರು 18ನೆಯ ಶತಮಾನದ ಮೊದಲ ಭಾಗದಲ್ಲೇ ‘ಪೀ ಜಾಕೆಟ್’ ಎನ್ನತೊಡಗಿದ್ದರು. ಅದಕ್ಕೂ ಹಿಂದೆ, 14ನೆಯ ಶತಮಾನದ ಇಂಗ್ಲಿಷಿನಲ್ಲಿ ಗಿಡ್ಡನೆಯ ಒರಟು ಅಂಗಿಗಿದ್ದ ‘ಕೋರ್ಟೆಪಿ’ ಎಂಬ ಹೆಸರಿನ ಬಾಲದಲ್ಲಿ ಇದೇ ಪದವಿದೆ. ‘ಪೈಲಟ್ ಕ್ಲಾತ್’ ಎಂಬ ಬಟ್ಟೆಯ ಮೊದಲಕ್ಷರವೇ ‘ಪೀ’ ಎಂದು ಅಮೆರಿಕದ ನೌಕಾಪಡೆಯ ಕಡೆ ಹೇಳುವುದುಂಟು. ಆ ಬಟ್ಟೆಯ ಹೆಸರು ಬಳಕೆಗೆ ಬಂದದ್ದು 19ನೆಯ ಶತಮಾನದಲ್ಲಾದ್ದರಿಂದ, ಮೊಮ್ಮಗನ ಹೆಸರನ್ನು ಅಜ್ಜನಿಗೆ ಇಟ್ಟಂತಿರುವ ಈ ವಿವರಣೆಯನ್ನು ನಾನು ಒಪ್ಪಲಾರೆ.

ಕೋಟಿನ ಕಟ್ಟು ಕೆಲಸದಿಂದ ಹುಟ್ಟಿದ್ದು. ಹಗ್ಗದೇಣಿ ಹತ್ತುವಾಗ ಕಾಲಿಗೆ ತೊಡರದಂತೆ ಸೊಂಟದ ಕೆಳಗೇ ಮುಗಿಯುತ್ತದೆ; ಎರಡು ಸಾಲು ಗುಂಡಿಗಳಿರುವುದರಿಂದ ಎದೆಯ ಮೇಲೆ ಬಟ್ಟೆ ಎರಡು ಪದರವಾಗುತ್ತದೆ; ಜೇಬುಗಳ ಬಾಯಿ ನೆಟ್ಟಗಿದ್ದು ಕೈ ಸಲೀಸಾಗಿ ಒಳಹೋಗುತ್ತದೆ. ಗುಂಡಿಗಳ ಮೇಲಿನ ಲಂಗರಿನ ಚಿತ್ರವೊಂದೇ ಅಲಂಕಾರ. ಸಮುದ್ರವನ್ನೇ ಕಾಣದವರೂ ಇದನ್ನು ಇಂದಿಗೂ ಮೆಚ್ಚಿ ತೊಡುವುದಕ್ಕೆ ಈ ಮಿತಿಯೇ ಕಾರಣವೆಂದು ನನಗನ್ನಿಸುತ್ತದೆ.

ಈಗ ಕನ್ನಡದ ಪ್ರಶ್ನೆ. ‘ನಿಲುವಂಗಿ’ ಎನ್ನಲು ಇದು ಉದ್ದವಿಲ್ಲ. ಬಟ್ಟೆಯ ಹೆಸರೇ ಉಡುಪಿನ ಹೆಸರಾಗುವುದು ನಮಗೆ ಹೊಸತಲ್ಲ: ಹುಣಸೆ ಬೀಜದ ಗಂಜಿ ಹಚ್ಚಿದ ಹಾಸಿನಲ್ಲಿ (ಮಗ್ಗದ ಉದ್ದೆಳೆಗಳಲ್ಲಿ) ನೆಯ್ದದ್ದೂ ಕಂಬಳಿ, ಹೆಗಲ ಮೇಲಿರುವುದೂ ಕಂಬಳಿ, ಮಲೆನಾಡಿನ ಮಳೆಯಲ್ಲಿ ತಲೆಯ ಮೇಲೆ ಮಡಿಸಿ ಹೊದ್ದಾಗ ಮಾತ್ರ ಅದು ಕೊಪ್ಪೆ. ಡಚ್ಚರ ‘ಪೈ’ ಕೂಡ ಹಾಗೆಯೇ, ಕ್ರೈಸ್ತ ಸಂನ್ಯಾಸಿಗಳ ಉಡುಪಿಗೂ ಹೆಸರಾಗಿ ನಿಂತಿದೆ. ಆ ಲೆಕ್ಕದಲ್ಲಿ ‘ಕಂಬಳಿ ಕೋಟು’ ಮೂಲಕ್ಕೆ ಬಲು ಹತ್ತಿರವಾದರೂ, ಓದುಗರ ಕಣ್ಣಿಗೆ ನಾವಿಕನ ಬದಲು ಕುರಿಗಾಹಿ ಕಾಣಿಸಿಯಾನೆಂಬ ಅಳುಕಿದೆ. ಈಚಿನ ಪೀ ಕೋಟುಗಳಿಗೆ ಬಳಸುವ, ನೇಯ್ಗೆಯ ಎಳೆ ಕಾಣದಂತೆ ನೀರಿನಲ್ಲಿ ಉಜ್ಜಿ ಬಿಗಿಗೊಳಿಸಿದ ‘ಮೆಲ್ಟನ್’ ಉಣ್ಣೆಗಾದರೆ ನಯವಾದ ಉಣ್ಣೆಬಟ್ಟೆಗೆ ನಮ್ಮ ಹಿರಿಯರು ಹೇಳುತ್ತಿದ್ದ ‘ಬನಾತು’ ಎಂಬ ಹೆಸರು ಒಪ್ಪುತ್ತದೆ.

ಕಥೆ ನಡೆಯುವುದು 18ನೆಯ ಶತಮಾನದಲ್ಲಿ. ಹಾಗಿರುವಾಗ ‘ಕಂಬಳಿ ಕೋಟು’ ಎನ್ನುವುದು ಸರಿಯೇ, ‘ಬನಾತಿನ ಕೋಟು’ ಎಂದರೆ ಬಟ್ಟೆ ಅತಿ ನಯವಾಗಿಬಿಡುತ್ತದೆಯೇ? ಕರಾವಳಿಯ ಹಡಗು ಕೆಲಸಗಾರರಲ್ಲಿ ಇಂಥ ದಪ್ಪ ಗಿಡ್ಡ ಕೋಟಿಗೆ ಬೇರೆ ಹೆಸರನ್ನು ಕೇಳಿದವರಿದ್ದರೆ, ಅದನ್ನು ಯಾವ ಊರಿನಲ್ಲಿ ಕೇಳಿದಿರೆಂಬುದರ ಸಮೇತ ದಯವಿಟ್ಟು ತಿಳಿಸಿ.