ಮಗನ ಶಾಲೆಯಲ್ಲಿ ಪೇರೆಂಟ್ ಗವರ್ನರ್ ಜಾಗ ಖಾಲಿ ಇದೆ. ನಿಲ್ಲಲಾ, ಬೇಡವಾ?

ರೀಡಿಂಗ್ ಅಮ್ಮ

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಹಳಬರು ತುಂಬಾ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನಾವಿರೋದು ಇಂಗ್ಲೆಂಡ್‌ನ ರೀಡಿಂಗ್. ಮಗ ಇಯರ್ 2 (ಆರೇಳು ವರ್ಷದವರ ಕ್ಲಾಸ್), ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ಪ್ರೈಮರಿ ಶಾಲೆ. ಪೇರೆಂಟ್ ಗವರ್ನರ್ (ಶಾಲೆಯ ಆಡಳಿತ ಮಂಡಳಿಯಲ್ಲಿ ಪೋಷಕರ ಪ್ರತಿನಿಧಿ) ಜಾಗ ಖಾಲಿ ಇದೆ, ಆಸಕ್ತಿ ಇದ್ದವರು ಹೆಸರು ಕೊಡಿ ಅಂತ ಶಾಲೆಯಿಂದ ಮೇಲ್ ಬಂದಿದೆ. ಶುಕ್ರವಾರ ಕೊನೆ ದಿನ. ಅವನ ಟೀಚರ್ ಬೇರೆ ಗೇಟಿನ ಹತ್ತಿರ ಸಿಕ್ಕಾಗ 'ನೀವೇ ಯಾಕೆ ನಿಲ್ಲಬಾರದು' ಅಂದರು. ಮನೆಯವರು 'ನಮಗ್ಯಾಕೆ ಇಲ್ಲದ ಉಸಾಬರಿ' ಅನ್ನುತ್ತಿದ್ದಾರೆ.

ನಿಜ ಹೇಳಬೇಕೆಂದರೆ ನನಗೆ ಇನ್ನೊಂದು ಚಿಂತೆ. ಮುಂದಿನ ವರ್ಷ ಇಯರ್ 3 ಮತ್ತು 4 ಸೇರಿಸಿ ಒಂದೇ ಕ್ಲಾಸ್ ಮಾಡುತ್ತಾರೆ ಅಂತ ಸುದ್ದಿ. ಮಗನಿಗೆ ಮೊದಲೇ ಮಾತು ಕಡಿಮೆ, ದೊಡ್ಡ ಮಕ್ಕಳ ನಡುವೆ ಇನ್ನೂ ಮುದುಡಿ ಹೋಗುತ್ತಾನೆ. ಗವರ್ನರ್ ಆದರೆ ಇದನ್ನು ತಡೆಯಬಹುದಾ? ನಾವು ಇನ್ನೂ ವೀಸಾದಲ್ಲೇ ಇದ್ದೇವೆ, ನಾನು ಡಿಪೆಂಡೆಂಟ್. ಪಾಸ್‌ಪೋರ್ಟ್ ಬೇಕಾ? ಎಷ್ಟು ಸಮಯ ಹೋಗುತ್ತೆ? ನನ್ನದು ಮಂಡ್ಯ ಇಂಗ್ಲಿಷ್, ಮೀಟಿಂಗ್‌ನಲ್ಲಿ ಬಾಯಿ ಬಿಡೋಕೆ ಭಯ.

ದಾವಣಗೆರೆ ಬೆಣ್ಣೆ

ಖಂಡಿತ ನಿಲ್ಲಿ ಅಕ್ಕ! ತುಂಬಾ ಮಜಾ ಇರುತ್ತೆ. ನಾನು ಸಮರ್ ಫೇರ್‌ನಲ್ಲಿ ಮೆಹಂದಿ ಸ್ಟಾಲ್ ಹಾಕಿದ್ದೆ. ಕ್ಯೂ ನೋಡಬೇಕಿತ್ತು.

ಲೂಟನ್ ಲೆಕ್ಕಪತ್ರ

ಅದು ಪಿಟಿಎ, ಪೋಷಕರ-ಶಿಕ್ಷಕರ ಸಂಘ. ಹಣ ಕೂಡಿಸುವವರು, ಮೇಳ ನಡೆಸುವವರು ಅವರು. ಗವರ್ನರ್ ಅಂದರೆ ಬೇರೆಯೇ ಕೆಲಸ. ನಾನು ಇಲ್ಲಿ ಒಂದು ಪ್ರೈಮರಿ ಶಾಲೆಯಲ್ಲಿ ಗವರ್ನರ್, ಹಣಕಾಸು ಸಮಿತಿಯಲ್ಲಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ವೀಸಾ. ಪಾಸ್‌ಪೋರ್ಟ್ ಬೇಕಿಲ್ಲ. 18 ತುಂಬಿರಬೇಕು, ಡಿಬಿಎಸ್ ಚೆಕ್ (ಅಪರಾಧ ದಾಖಲೆ ಪರಿಶೀಲನೆ) ಆಗುತ್ತೆ, ದಿವಾಳಿತನ, ಕೆಲವು ಅಪರಾಧ ಇತ್ಯಾದಿ ಅನರ್ಹತೆಗಳ ಪಟ್ಟಿಯಲ್ಲಿ ನೀವು ಬರಬಾರದು. ಅಷ್ಟೇ. ಇದು ಸಂಬಳ ಇಲ್ಲದ ಕೆಲಸ. ಮಗುವನ್ನು ನೋಡಿಕೊಳ್ಳುವವರಿಗೆ ಕೊಟ್ಟ ದುಡ್ಡು, ಬಸ್ ಚಾರ್ಜು ಇಂಥದ್ದನ್ನು ಶಾಲೆಯ ನಿಯಮ ಇದ್ದರೆ ವಾಪಸ್ ಕೇಳಬಹುದು. ಒಂದು ಅವಧಿ ಸಾಮಾನ್ಯವಾಗಿ 4 ವರ್ಷ. ನಡುವೆ ಮಗ ಶಾಲೆ ಬಿಟ್ಟರೂ ಅವಧಿ ಮುಗಿಸಬಹುದು, ನಿಮಗೆ ಸಾಕಾದರೆ ಯಾವಾಗ ಬೇಕಾದರೂ ರಾಜೀನಾಮೆ ಕೊಡಬಹುದು.

ಕೌನ್ಸಿಲ್ ಶಾಲೆಯ ಮಂಡಳಿಯಲ್ಲಿ ಕಡಿಮೆ ಅಂದರೂ 7 ಜನ ಇರಬೇಕು. ಅದರಲ್ಲಿ ಪೋಷಕರು ಕನಿಷ್ಠ 2. ಹೆಡ್ ಟೀಚರ್, ಸಿಬ್ಬಂದಿಯಿಂದ ಒಬ್ಬರು, ಕೌನ್ಸಿಲ್ ಕಡೆಯಿಂದ ಒಬ್ಬರು, ಉಳಿದವರು ಮಂಡಳಿಯೇ ಆರಿಸಿಕೊಂಡವರು. ಚರ್ಚ್ ಶಾಲೆ ಆದರೆ ಚರ್ಚ್ ಕಡೆಯವರೂ ಇರುತ್ತಾರೆ. ಪೂರ್ತಿ ಮಂಡಳಿ ವರ್ಷಕ್ಕೆ ಕನಿಷ್ಠ 3 ಸಲ ಸೇರಬೇಕು, ಸಮಿತಿ ಸಭೆಗಳು ಬೇರೆ. ಹೆಚ್ಚಿನವು ಸಂಜೆ. ಸಭೆಗಿಂತ ಸಭೆಗೆ ಮುಂಚೆ ಕಳಿಸುವ ಕಾಗದ ಓದೋದೇ ಜಾಸ್ತಿ ಕೆಲಸ.

ಮಾಡೋದು ಮುಖ್ಯವಾಗಿ ಮೂರು. ಶಾಲೆ ಯಾವ ದಿಕ್ಕಿಗೆ ಹೋಗಬೇಕು ಅಂತ ತೀರ್ಮಾನಿಸೋದು. ಮಕ್ಕಳ ಕಲಿಕೆ ಬಗ್ಗೆ ಹೆಡ್ ಟೀಚರನ್ನು ಪ್ರಶ್ನೆ ಕೇಳೋದು. ದುಡ್ಡು ಸರಿಯಾಗಿ ಖರ್ಚಾಗುತ್ತಿದೆಯಾ ಅಂತ ನೋಡೋದು. ಕ್ಲಾಸ್‌ಗೆ ಹೋಗಿ ಟೀಚರಿಗೆ ಮಾರ್ಕ್ಸ್ ಹಾಕೋ ಕೆಲಸ ಅಲ್ಲ.

ಇನ್ನು ನಿಮ್ಮ ಮಗನ ಕ್ಲಾಸ್ ವಿಷಯ

ಹಳೇ ಹುಲಿ ಸ್ಲೌ

ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಈ ದೇಶ ನೋಡಿದ್ದೇನೆ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗವರ್ನರ್‌ಗಳು ಮದುವೆ ಮನೆಯಲ್ಲಿ ಮುಂದಿನ ಸಾಲಿನಲ್ಲಿ ಕೂತ ನೆಂಟರಿದ್ದ ಹಾಗೆ. ಅಕ್ಷತೆ ಹಾಕುತ್ತಾರೆ, ಊಟ ಮಾಡಿ ಏಳುತ್ತಾರೆ. ತೀರ್ಮಾನ ಎಲ್ಲಾ ಹೆಡ್ ಟೀಚರ್ ಮೊದಲೇ ಮಾಡಿರುತ್ತಾರೆ.

ಮಗ ಇಯರ್ 2 ಅಂದಿರಿ. ಇನ್ನು ಎಷ್ಟು ವರ್ಷ ಉಳಿದಿದೆ ಲೆಕ್ಕ ಹಾಕಿ. ಗ್ರಾಮರ್ ಶಾಲೆಗೆ (ಪರೀಕ್ಷೆ ಮೇಲೆ ಮಕ್ಕಳನ್ನು ಆರಿಸುವ ಸರ್ಕಾರಿ ಹೈಸ್ಕೂಲು) ಸೇರೋಕೆ ಬರೆಯುವ 11 ಪ್ಲಸ್ ಪರೀಕ್ಷೆ ಇಯರ್ 6ರ ಸೆಪ್ಟೆಂಬರ್‌ನಲ್ಲೇ ಬಂದು ಬಿಡುತ್ತೆ. ಇಯರ್ 4ರಲ್ಲಿ ತಯಾರಿ ಶುರು ಆಗಬೇಕು. ನೀವಿರೋದು ರೀಡಿಂಗ್, ಎರಡು ಗ್ರಾಮರ್ ಶಾಲೆ ಊರಲ್ಲೇ ಇವೆ, ಹುಡುಗರಿಗೆ ಒಂದು ಹುಡುಗಿಯರಿಗೆ ಒಂದು. ಜನ ಅದಕ್ಕೋಸ್ಕರ ಮನೆ ಬದಲಿಸುತ್ತಾರೆ! ಸಭೆಗೆ ಹೋಗೋ ಸಂಜೆ ಮಗನ ಪಕ್ಕ ಕೂತು ಒಂದು ವರ್ಬಲ್ ರೀಸನಿಂಗ್ ಪೇಪರ್ ಮಾಡಿಸಿ. ನನ್ನ ಮಗಳಿಗೆ ನಾನು ಅದನ್ನೇ ಮಾಡಿದೆ. ಗ್ರಾಮರ್ ಶಾಲೆ, ಈಗ ಲಂಡನ್ನಿನ ಇಂಪೀರಿಯಲ್ ಕಾಲೇಜು. ಯಾವ ಗವರ್ನರೂ ಅದನ್ನು ಕೊಡಿಸಲಿಲ್ಲ.

ಹಾಸನದ ಹುಡುಗಿ

ನಮ್ಮ ಅಮ್ಮ ಊರಲ್ಲಿ ಸರ್ಕಾರಿ ಶಾಲೆ ಟೀಚರ್ ಆಗಿದ್ದರು. ಅಲ್ಲಿ ಎಸ್‌ಡಿಎಂಸಿ ಇದೆಯಲ್ಲ, 2001ರಲ್ಲಿ ಶುರುವಾಗಿದ್ದು, ಅದರ ಅಧ್ಯಕ್ಷರು ಪೋಷಕರೇ. ಬಿಸಿಯೂಟದ ಬೇಳೆ, ಹಾಲಿನ ಪುಡಿ, ಹೆಂಚು ಒಡೆದಿದ್ದು, ಎಲ್ಲದಕ್ಕೂ ಅವರ ಹತ್ತಿರ ಮಾತಾಡಬೇಕು. ಆರ್‌ಟಿಇ ಕಾನೂನಿನಲ್ಲೂ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಜನ ಹೆಂಗಸರು ಇರಬೇಕು ಅಂತಿದೆ. ಇಲ್ಲಿ ನೋಡಿದರೆ ಪೋಷಕರಿಗೆ ಎರಡೋ ಮೂರೋ ಕುರ್ಚಿ. ಆದರೂ ನಮ್ಮೂರಲ್ಲಿ ಅಧ್ಯಕ್ಷರ ಸಹಿ ಹಾಕಿಸೋಕೆ ಅಮ್ಮ ಅವರ ಗದ್ದೆವರೆಗೂ ಹೋಗುತ್ತಿದ್ದರು. ಕಾಗದದಲ್ಲಿ ಅಧಿಕಾರ ಜಾಸ್ತಿ ಇದ್ದರೆ ಸಾಲದು ಅಂತ ನನಗನ್ನಿಸುತ್ತೆ.

ಅಬರ್ಡೀನ್ ಮಳೆ

ನಮ್ಮ ಸ್ಕಾಟ್ಲೆಂಡ್‌ನಲ್ಲಿ ಸರ್ಕಾರಿ ಶಾಲೆಗೆ ಈ ಗವರ್ನರ್ ಪದ್ಧತಿಯೇ ಇಲ್ಲ. ಪೇರೆಂಟ್ ಕೌನ್ಸಿಲ್ ಇದೆ, 2006ರ ಕಾನೂನಿನ ಪ್ರಕಾರ. ಇಲ್ಲಿಗೇ ಬಂದುಬಿಡಿ ಮೇಡಂ, 11 ಪ್ಲಸ್ ಕಾಟವೂ ಇಲ್ಲ. ಬಿಸಿಲು ಮಾತ್ರ ಕೇಳಬೇಡಿ.

ಲೂಟನ್ ಲೆಕ್ಕಪತ್ರ

ಅರ್ಧಕ್ಕೆ ಪೋಸ್ಟ್ ಆಗಿಬಿಟ್ಟಿತು, ಮುಂದುವರಿಸುತ್ತೇನೆ.

ಇಯರ್ 3 ಮತ್ತು 4 ಸೇರಿಸೋದು ಯಾಕೆ ಅಂದರೆ ಬಹುತೇಕ ದುಡ್ಡಿನ ಕಾರಣಕ್ಕೆ. ಇಲ್ಲಿ ಶಾಲೆಗೆ ಅನುದಾನ ಬರೋದು ಮುಖ್ಯವಾಗಿ ಮಕ್ಕಳ ತಲೆ ಲೆಕ್ಕದಲ್ಲಿ. ಅಕ್ಟೋಬರ್ ಶುರುವಿನಲ್ಲಿ ಎಣಿಕೆ ಆಗುತ್ತೆ, ಅದರ ಮೇಲೆ ಮುಂದಿನ ಬಜೆಟ್. 2012ರಲ್ಲಿ ಇಂಗ್ಲೆಂಡ್‌ನಲ್ಲಿ ತುಂಬಾ ಮಕ್ಕಳು ಹುಟ್ಟಿದ್ದರು, ಆಮೇಲೆ ಇಳಿಯುತ್ತಾ ಬಂತು. ಆ ಇಳಿತ ಈಗ ಪ್ರೈಮರಿ ಕ್ಲಾಸ್‌ಗಳಲ್ಲಿ ಕಾಣುತ್ತಿದೆ. 30 ಮಕ್ಕಳ ಕ್ಲಾಸಿನಲ್ಲಿ 19 ಮಕ್ಕಳಿದ್ದರೂ ಟೀಚರಿಗೆ ಪೂರ್ತಿ ಸಂಬಳ ಕೊಡಲೇಬೇಕಲ್ವಾ? ಬಜೆಟ್ಟಿನ ದೊಡ್ಡ ಪಾಲು ಸಂಬಳಕ್ಕೇ ಹೋಗುತ್ತೆ. ಅದಕ್ಕೇ ಎರಡು ಕ್ಲಾಸ್ ಸೇರಿಸುತ್ತಾರೆ. ಇನ್ನೊಂದು ಗಮನಿಸಿ. ರಿಸೆಪ್ಷನ್ (ಇಯರ್ 1ಕ್ಕೆ ಮುಂಚಿನ ಕ್ಲಾಸ್), ಇಯರ್ 1, ಇಯರ್ 2ಕ್ಕೆ ಒಬ್ಬ ಟೀಚರಿಗೆ 30 ಮಕ್ಕಳ ಮಿತಿ ಕಾನೂನಿನಲ್ಲೇ ಇದೆ. ಇಯರ್ 3ರಿಂದ ಆ ಮಿತಿ ಇಲ್ಲ.

ಯಾವ ಮಗು ಯಾವ ಕ್ಲಾಸಿನಲ್ಲಿ ಅಂತ ನೋಡೋದು ಹೆಡ್ ಟೀಚರ್ ಕೆಲಸ. ಬಜೆಟ್ ಒಪ್ಪೋದು ಗವರ್ನರ್‌ಗಳ ಕೆಲಸ. ಹಾಗಾಗಿ ಈ ವಿಷಯ ಸಭೆಗೆ ಬಂದೇ ಬರುತ್ತೆ. ಅಲ್ಲಿ ಕೇಳಬೇಕಾದ್ದು ಹೀಗೆ: ಬೇರೆ ದಾರಿ ಏನೇನು ನೋಡಿದಿರಿ? ಎರಡು ವರ್ಷದ ಪಾಠ ಹೇಗೆ ಹೊಂದಿಸುತ್ತೀರಿ, ಒಂದೇ ಪಾಠ ಎರಡು ಸಲ ಬರಲ್ಲ ತಾನೇ? ಇಯರ್ 4ರ ಮಗ್ಗಿ ಪರೀಕ್ಷೆಗೆ ಏನು ವ್ಯವಸ್ಥೆ? ಕಲಿಯೋಕೆ ಹೆಚ್ಚು ಸಹಾಯ ಬೇಕಾದ ಮಕ್ಕಳಿಗೆ ಯಾರಿರುತ್ತಾರೆ? 'ನನ್ನ ಮಗ ಮಾತಾಡಲ್ಲ' ಅಂತ ಅಲ್ಲಿ ಹೇಳುವ ಹಾಗಿಲ್ಲ. ಅದನ್ನು ಟೀಚರ್ ಹತ್ತಿರ, ಆಮೇಲೆ ಹೆಡ್ ಹತ್ತಿರ, ಒಬ್ಬ ತಾಯಿಯಾಗಿ ಹೇಳಿ. ಆ ಹಕ್ಕು ಗವರ್ನರ್ ಆಗದಿದ್ದರೂ ನಿಮಗಿದೆ. ಇದನ್ನು ತಡೆಯೋಕೆ ಅಂತ ನಿಂತರೆ ನಿಮಗೆ ನಿರಾಸೆ ಆಗುತ್ತೆ. ಶಾಲೆ ಹೇಗೆ ನಡೆಯುತ್ತೆ ಅನ್ನೋ ಕುತೂಹಲ ಇದ್ದರೆ ನಿಲ್ಲಿ.

ಹಳೇ ಹುಲಿ ಸ್ಲೌ

ನೋಡಿದಿರಾ? ಲೂಟನ್ ಸರ್ ಕೂಡ ಅದನ್ನೇ ಹೇಳುತ್ತಿದ್ದಾರೆ. ತಡೆಯೋಕೆ ಆಗಲ್ಲ. ಮಗನಿಗೂ ಲಾಭ ಇಲ್ಲ. ಮತ್ತೆ ಯಾಕೆ?

ಲೂಟನ್ ಲೆಕ್ಕಪತ್ರ

ಸರ್ ಅಲ್ಲ, ಮೇಡಂ. ನಾನು ಹಾಗೆ ಹೇಳಲೂ ಇಲ್ಲ. ಹೆಡ್ ಟೀಚರನ್ನು ಆರಿಸೋದೇ ಗವರ್ನರ್‌ಗಳು. ನಮ್ಮ ಹಿಂದಿನ ಹೆಡ್ ನಿವೃತ್ತಿಯಾದಾಗ ಸಂದರ್ಶನ ಮಾಡಿದವರಲ್ಲಿ ನಾನೂ ಒಬ್ಬಳು. ವರ್ಷಕ್ಕೊಮ್ಮೆ ಹೆಡ್‌ನ ಕೆಲಸ ಹೇಗಿದೆ ಅಂತ ಪರಿಶೀಲಿಸೋದೂ ಗವರ್ನರ್‌ಗಳೇ. ಆಫ್‌ಸ್ಟೆಡ್ (ಶಾಲೆಗಳ ಸರ್ಕಾರಿ ತಪಾಸಣೆಯವರು) ಬಂದಾಗ ನಮ್ಮನ್ನೂ ಕೂರಿಸಿ ಕೇಳುತ್ತಾರೆ. ಅಕ್ಷತೆ ಹಾಕೋರಿಗೆ ಯಾರೂ ಇಷ್ಟು ಪ್ರಶ್ನೆ ಕೇಳಲ್ಲ.

ಮಿಲ್ಟನ್ ಕೀನ್ಸ್ ಮಾವ

ಆಫ್‌ಸ್ಟೆಡ್‌ನಲ್ಲಿ ಔಟ್‌ಸ್ಟ್ಯಾಂಡಿಂಗ್ ಇದ್ದರೆ ಸಾಕು, ಕಣ್ಣು ಮುಚ್ಚಿ ಸೇರಿಸಿ. ನಾವು ಮನೆ ತಗೊಂಡಿದ್ದೇ ಹಾಗೆ.

ಹಾಸನದ ಹುಡುಗಿ

ಆ ಒಂದೇ ಪದದ ತೀರ್ಪು 2024ರ ಸೆಪ್ಟೆಂಬರ್‌ನಲ್ಲೇ ನಿಂತು ಹೋಯಿತು ಮಾವ.

ವೆಂಬ್ಲಿ ವಗ್ಗರಣೆ

ಗವರ್ನರ್ ಆದವರು ದಯವಿಟ್ಟು ಶಾಲೆ ಊಟ ಒಂದು ಸರಿ ಮಾಡಿ. ವೆಜ್ ಅಂದರೆ ದಿನಾ ಜ್ಯಾಕೆಟ್ ಪೊಟ್ಯಾಟೊ. ಲಂಡನ್ ಪ್ರೈಮರಿಗಳಲ್ಲಿ 2023ರಿಂದ ಎಲ್ಲರಿಗೂ ಉಚಿತ ಊಟ ಕೊಡುತ್ತಿದ್ದಾರೆ, ಸಂತೋಷ. ಆದರೆ ಮಗಳು ಮನೆಗೆ ಬಂದ ತಕ್ಷಣ ಮೊಸರನ್ನ ಕೇಳುತ್ತಾಳೆ.

ಲೂಟನ್ ಲೆಕ್ಕಪತ್ರ

ಇದು ಒಳ್ಳೆ ಪ್ರಶ್ನೆ. ಕೌನ್ಸಿಲ್ ಶಾಲೆಗಳಲ್ಲಿ ಊಟ ಸರ್ಕಾರದ ಮಾನದಂಡದ ಪ್ರಕಾರ ಇದೆಯಾ ಅಂತ ನೋಡೋ ಜವಾಬ್ದಾರಿ ಗವರ್ನರ್ ಮಂಡಳಿಯದ್ದು. ಬರೆದು ಕೇಳಿ. ಸಭೆಯ ಮಿನಿಟ್ಸ್ ಕೂಡ ಗೌಪ್ಯ ಭಾಗ ಬಿಟ್ಟು ಯಾರು ಬೇಕಾದರೂ ಕೇಳಿ ಓದಬಹುದು. ಯಾರೂ ಕೇಳೋದೇ ಇಲ್ಲ.

ಕ್ರಾಯ್ಡನ್ ಕಾವೇರಿ

ಮೇಡಂ, ನಾನು ಮಕ್ಕಳ ಶಾಲೆಯಲ್ಲೇ ಮಧ್ಯಾಹ್ನ ಊಟದ ಹೊತ್ತಿನ ಸೂಪರ್‌ವೈಸರ್. ದಿನಕ್ಕೆ ಒಂದೂಕಾಲು ಗಂಟೆ. ನಾನು ಪೇರೆಂಟ್ ಗವರ್ನರ್ ಆಗಬಹುದಾ? ಸಿಬ್ಬಂದಿ ನಿಲ್ಲೋ ಹಾಗಿಲ್ಲ ಅಂತ ಯಾರೋ ಅಂದರು.

ಲೂಟನ್ ಲೆಕ್ಕಪತ್ರ

ಆಗಬಹುದು. ಕೌನ್ಸಿಲ್ ಶಾಲೆಯಲ್ಲಿ 12 ತಿಂಗಳಲ್ಲಿ 500 ಗಂಟೆಗಿಂತ ಹೆಚ್ಚು ಸಂಬಳಕ್ಕೆ ಕೆಲಸ ಮಾಡಿದವರು ಮಾತ್ರ ಪೇರೆಂಟ್ ಗವರ್ನರ್ ಚುನಾವಣೆಗೆ ನಿಲ್ಲುವಂತಿಲ್ಲ. ಶಾಲೆ ವರ್ಷಕ್ಕೆ 190 ದಿನ. ನಿಮ್ಮದು ಹೆಚ್ಚು ಕಡಿಮೆ 240 ಗಂಟೆ ಆಗುತ್ತೆ. ಅಕಾಡೆಮಿ (ಕೌನ್ಸಿಲ್ ಬದಲು ಟ್ರಸ್ಟ್ ನಡೆಸುವ ಸರ್ಕಾರಿ ಶಾಲೆ) ಆದರೆ ಮಾತ್ರ ಅವರ ನಿಯಮ ಬೇರೆ ಇರಬಹುದು, ಕೇಳಿಕೊಳ್ಳಿ. ಅಲ್ಲಿ ನಿಜವಾದ ಅಧಿಕಾರ ಟ್ರಸ್ಟ್ ಕೈಯಲ್ಲಿ, ಶಾಲೆ ಮಟ್ಟದ ಮಂಡಳಿಗೆ ಟ್ರಸ್ಟ್ ಕೊಟ್ಟಷ್ಟು.

ಬಸವನ ಬಳಗದವ

ಥೇಮ್ಸ್ ದಂಡೆಯಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ನಿಂತಿದೆ, 2015ರ ನವೆಂಬರ್‌ನಲ್ಲಿ ಪ್ರಧಾನಿ ಬಂದು ಅನಾವರಣ ಮಾಡಿದರು. ಅನುಭವ ಮಂಟಪದಲ್ಲಿ ಎಲ್ಲರೂ ಕೂತು ಮಾತಾಡಿದ ಪರಂಪರೆ ನಮ್ಮದು. ಆ ಪ್ರತಿಮೆಗೆ ಓಡಾಡಿದ ನೀರಜ್ ಪಾಟೀಲರು ಕಲಬುರಗಿಯವರು, ಲಂಡನ್ನಿನ ಲ್ಯಾಂಬೆತ್‌ಗೆ ಮೇಯರ್ ಆಗಿದ್ದವರು. ನಾವು ಒಂದು ಸ್ಕೂಲ್ ಮೀಟಿಂಗ್‌ಗೆ ಹೆದರೋದಾ?

ಹಳೇ ಹುಲಿ ಸ್ಲೌ

ಸರ್, ಪ್ರತಿಮೆಯಿಂದ ಗ್ರಾಮರ್ ಸೀಟು ಬರಲ್ಲ. ಭಾವನೆ ಬೇರೆ, ವ್ಯವಹಾರ ಬೇರೆ.

ಹಾಸನದ ಹುಡುಗಿ

ಇಡೀ ಇಂಗ್ಲೆಂಡ್‌ನಲ್ಲಿ ಇರೋದು 163 ಗ್ರಾಮರ್ ಶಾಲೆ ಅಣ್ಣ. ಉಳಿದ ಮಕ್ಕಳೆಲ್ಲ ಹಾಳಾಗಿ ಹೋದರಾ?

ಹಳೇ ಹುಲಿ ಸ್ಲೌ

ಹಾಗೆ ಯಾರು ಹೇಳಿದರು? ಅಪ್ಪ ಅಮ್ಮ ಕಷ್ಟಪಟ್ಟರೆ ಸಿಗುತ್ತೆ ಅಂತ ಹೇಳುತ್ತಿದ್ದೇನೆ. ನಾವು ಬಂದಾಗ ನಮಗೆ ಹೇಳೋರೇ ಇರಲಿಲ್ಲ. ಈಗಿನವರಿಗೆ ಹೇಳಿದರೆ ಸಿಟ್ಟು.

ಧಾರವಾಡ ಪೇಢಾ, ಸಟನ್

ಸಟನ್‌ನಲ್ಲಿ ನಾವು ಇದೇ ಓಟ ಓಡಿದವರು. ಶನಿವಾರ ಟ್ಯೂಷನ್, ಭಾನುವಾರ ಮಾಕ್ ಟೆಸ್ಟ್. ಕನ್ನಡ ಕ್ಲಾಸ್ ಬಿಡಿಸಿದೆವು, ಈಜು ಬಿಡಿಸಿದೆವು. ಸೀಟು ಸಿಕ್ಕಿತು, ಇಲ್ಲ ಅನ್ನಲ್ಲ. ಈಗ ಅವನು ಅಜ್ಜಿ ಫೋನ್ ಬಂದರೆ ಎದ್ದು ಹೋಗುತ್ತಾನೆ. ಗವರ್ನರ್ ವಿಷಯ ನನಗೆ ಗೊತ್ತಿಲ್ಲರೀ, ನಮ್ಮ ಮನೆಯಲ್ಲಿ ಶಾಲೆಯಿಂದ ಬಂದ ಮೇಲ್ ಯಾರೂ ಪೂರ್ತಿ ಓದಿದವರೇ ಅಲ್ಲ.

ಮಿಲ್ಟನ್ ಕೀನ್ಸ್ ಮಾವ

ಸಟನ್‌ನಲ್ಲಿ ಯಾವ ಟ್ಯೂಷನ್ ಸೆಂಟರ್? ನಂಬರ್ ಡಿಎಂ ಮಾಡಿ.

ದಾವಣಗೆರೆ ಬೆಣ್ಣೆ

ನನಗೂ.

ಕೊವೆಂಟ್ರಿ ಕನ್ನಡಿಗ

ನನಗೂ ಪ್ಲೀಸ್. ಆನ್‌ಲೈನ್ ಇದ್ದರೆ ಇನ್ನೂ ಒಳ್ಳೆಯದು.

ರೀಡಿಂಗ್ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. 11 ಪ್ಲಸ್ ಬಗ್ಗೆ ಓದಿ ಇನ್ನೂ ಭಯ ಆಯಿತು! ಲೂಟನ್ ಮೇಡಂ, ಫಾರ್ಮ್‌ನಲ್ಲಿ ನನ್ನ ಬಗ್ಗೆ ನಾಲ್ಕು ಸಾಲು ಬರೆಯಬೇಕಂತೆ. ನಾನು ಬೆಂಗಳೂರಿನಲ್ಲಿ ಒಂದು ಕಂಪನಿಯಲ್ಲಿ ಎಚ್‌ಆರ್ ಕೆಲಸ ಮಾಡಿದ್ದೆ. ಇಲ್ಲಿ ಈಗ ಕೆಲಸ ಹುಡುಕುತ್ತಿದ್ದೇನೆ. ಏನು ಬರೆಯಲಿ? ಆಮೇಲೆ ಕೆಲಸ ಸಿಕ್ಕರೆ ಸಭೆಗೆ ರಜೆ ಕೊಡುತ್ತಾರಾ?

ಹಳೇ ಹುಲಿ ಸ್ಲೌ

ಕೆಲಸ ಹುಡುಕೋದು ಮುಖ್ಯ ತಾಯಿ. ಮೊದಲು ಅದು ಮಾಡಿ.

ಲೂಟನ್ ಲೆಕ್ಕಪತ್ರ

ಎಚ್‌ಆರ್ ಅನುಭವ ಅಂದರೆ ಮಂಡಳಿಯವರು ಖುಷಿಪಡುತ್ತಾರೆ. ನೇಮಕಾತಿ, ಸಿಬ್ಬಂದಿ ದೂರು, ರಜೆ ನಿಯಮ, ಇದೆಲ್ಲ ಸಭೆಗೆ ಬರೋದೇ. ಅದನ್ನೇ ಮೊದಲ ಸಾಲಿನಲ್ಲಿ ಬರೆಯಿರಿ. ಮನೆಯಲ್ಲಿ ಇನ್ನೊಂದು ಭಾಷೆ ಆಡುವ ಮಕ್ಕಳ ಕಷ್ಟ ಗೊತ್ತು ಅಂತಲೂ ಬರೆಯಿರಿ. ಕ್ಲಾಸ್ ಸೇರಿಸೋ ವಿಷಯ ಫಾರ್ಮ್‌ನಲ್ಲಿ ಬೇಡ. ಒಂದೇ ವಿಷಯಕ್ಕೆ ಬಂದವರು ಅಂತ ಮತ ಹಾಕುವ ಪೋಷಕರಿಗೆ ಅನ್ನಿಸಬಾರದು. ಒಬ್ಬರಿಗಿಂತ ಹೆಚ್ಚು ಜನ ನಿಂತರೆ ಪೋಷಕರು ಗುಟ್ಟಾಗಿ ಮತ ಹಾಕುತ್ತಾರೆ, ಎಷ್ಟೋ ಕಡೆ ಒಬ್ಬರೂ ನಿಲ್ಲೋದಿಲ್ಲ.

ರಜೆ ವಿಷಯ: 1996ರ ಉದ್ಯೋಗ ಹಕ್ಕು ಕಾನೂನಿನ ಪ್ರಕಾರ ಕೌನ್ಸಿಲ್ ಶಾಲೆಯ ಗವರ್ನರ್ ಕೆಲಸಕ್ಕೆ ನೌಕರರು ತಕ್ಕಮಟ್ಟಿಗೆ ಸಮಯ ಕೇಳಬಹುದು. ಸಂಬಳ ಕೊಡೋದು ಬಿಡೋದು ಕಂಪನಿ ಇಷ್ಟ. ಮೊದಲ ಸಭೆಯಲ್ಲಿ ಮಾತಾಡಲೇಬೇಕು ಅಂತಿಲ್ಲ. ಅಲ್ಲಿ ಸೆನ್, ಪಿಪಿ, ಎಫ್‌ಎಸ್‌ಎಂ ಅಂತ ಅಕ್ಷರಗಳಲ್ಲೇ ಮಾತಾಡುತ್ತಾರೆ, ಇಲ್ಲೇ ಹುಟ್ಟಿದವರಿಗೂ ಅರ್ಥ ಆಗಲ್ಲ. 'ಇದೇನು' ಅಂತ ಕೇಳಿ. ಮಂಡ್ಯ ಇಂಗ್ಲಿಷ್ ಧಾರಾಳ ಸಾಕು. ಮತ್ತೆ ಇದೊಂದು ನೆನಪಿರಲಿ, ಸಭೆಯ ಗೌಪ್ಯ ಮಾತು ಗೇಟಿನ ಹತ್ತಿರವೂ ಹೇಳಬಾರದು, ಈ ಗುಂಪಿನಲ್ಲಂತೂ ಬೇಡವೇ ಬೇಡ.

ಅಡ್ಮಿನ್

11 ಪ್ಲಸ್ ಚರ್ಚೆಗೆ ಬೇರೆ ಪೋಸ್ಟ್ ಮಾಡಿದ್ದೇನೆ, ಅಲ್ಲಿಗೆ ಹೋಗಿ. ಟ್ಯೂಷನ್ ಜಾಹೀರಾತು ಹಾಕಿದವರ ಕಾಮೆಂಟ್ ತೆಗೆದಿದ್ದೇನೆ.

ರೀಡಿಂಗ್ ಅಮ್ಮ

ಫಾರ್ಮ್ ಕಳಿಸಿದೆ. ಇನ್ನೂ ಒಬ್ಬರು ನಿಂತಿದ್ದಾರಂತೆ, ಹಾಗಾಗಿ ಚುನಾವಣೆ ಇದೆ. ಮನೆಯವರು ಈಗ 'ಪೋಸ್ಟರ್ ಮಾಡಿಸಲಾ' ಅಂತ ರೇಗಿಸುತ್ತಿದ್ದಾರೆ.

ಬಸವನ ಬಳಗದವ

ಶಹಬ್ಬಾಸ್! ಗೆದ್ದರೆ ಮೊದಲು ದೀಪಾವಳಿಗೆ ಶಾಲೆಗೆ ರಜೆ ಕೊಡಿಸಿ.

ಲೂಟನ್ ಲೆಕ್ಕಪತ್ರ

ಇವರ ಥರದ ಶಾಲೆಗೆ ರಜೆ ದಿನ ಗೊತ್ತು ಮಾಡೋದು ಕೌನ್ಸಿಲ್, ಗವರ್ನರ್‌ಗಳಲ್ಲ.

ಹಳೇ ಹುಲಿ ಸ್ಲೌ

ನಾನು ಹೇಳಲಿಲ್ವಾ?

ಮಿಲ್ಟನ್ ಕೀನ್ಸ್ ಮಾವ

ಅಡ್ಮಿನ್, ಆ ಬೇರೆ ಪೋಸ್ಟ್ ಎಲ್ಲಿದೆ? ಲಿಂಕ್ ಕಾಣ್ತಾ ಇಲ್ಲ.