ಮುಂಬೈನ ಸಿಎಸ್‌ಟಿ ರೈಲು ನಿಲ್ದಾಣದ ಎದುರು ಪೆನ್-ಇಂಕ್ ಸ್ಕೆಚ್: ವಾಶ್ ಹಾಕಿದರೆ ಗೆರೆ ಕದಡುತ್ತೆ, ಗುಮ್ಮಟ ಕೂರೋದಿಲ್ಲ

ಡೊಂಬಿವಲಿ_ಗೆರೆ:
ಫೌಂಟನ್ ಪೆನ್ನು, ಸಾದಾ ಕಪ್ಪು ಇಂಕು, 150 ಜಿಎಸ್‌ಎಂ ಕಾರ್ಟ್ರಿಜ್ ಹಾಳೆ (ಸಾಮಾನ್ಯ ಡ್ರಾಯಿಂಗ್ ಹಾಳೆ). ಬೂದು ವಾಶ್, ಅಂದರೆ ನೀರು ಬೆರೆಸಿದ ತೆಳು ಬಣ್ಣ, ಎಳೆದ ಕೂಡಲೇ ಗೆರೆಯೆಲ್ಲ ಕದಡಿಹೋಗುತ್ತೆ. ಮಳೆಗಾಲದಲ್ಲಂತೂ ಬರೆಯುವಾಗಲೇ ಅಂಚು ಹರಡುತ್ತೆ. ಗುಮ್ಮಟ ಪ್ರತಿಸಲವೂ ಬೋರಲು ಹಾಕಿದ ಬಟ್ಟಲಿನ ಹಾಗೆ ಕಾಣುತ್ತೆ. ಇನ್ನೊಂದು: ಒಬ್ಬರು ತಮ್ಮ ಹಳೇ ಕಟ್ಟಡದ ಚಿತ್ರ ಬರೆದುಕೊಡಿ, ದುಡ್ಡು ಕೊಡ್ತೀವಿ ಅಂದಿದ್ದಾರೆ. ಮೊದಲೇ ಏನೇನು ಮಾತಾಡಿಕೊಳ್ಳಬೇಕು?

ಮಾಟುಂಗಾ_ಮಸಿಕುಡಿಕೆ:
ಕದಡೋದು ಇಂಕಿನ ದೋಷ, ಹರಡೋದು ಹಾಳೆಯ ದೋಷ. ಸಾದಾ ಇಂಕು ಡೈ, ಅಂದರೆ ನೀರಲ್ಲಿ ಕರಗುವ ಬಣ್ಣ. ನೀರು ಸೋಕಿದರೆ ಮತ್ತೆ ಎದ್ದು ಬರುತ್ತೆ. ನೀರಲ್ಲಿ ಕರಗದ ಬಣ್ಣದ ಪುಡಿಯಿರುವ ಪಿಗ್ಮೆಂಟ್ ಇಂಕು ತಗೊಳ್ಳಿ, ಪ್ಲಾಟಿನಂ ಕಾರ್ಬನ್ ಬ್ಲ್ಯಾಕ್ ಥರದ್ದು. ತಿಂಗಳಿಗೊಮ್ಮೆಯಾದರೂ ಪೆನ್ನು ತೊಳೆಯಿರಿ, ಬಳಸದೆ ಇಡಬೇಡಿ. ವಾಟರ್‌ಪ್ರೂಫ್ ಅಂತ ಬರೆದಿದೆಯಲ್ಲ ಅಂತ ಇಂಡಿಯನ್ ಇಂಕ್ ಮಾತ್ರ ತುಂಬಿಸಬೇಡಿ. ಅದರಲ್ಲಿ ಸಾಮಾನ್ಯವಾಗಿ ಅರಗು ಇರುತ್ತೆ, ನಿಬ್ಬಿಗೆ ಇಂಕು ಹರಿಸುವ ಫೀಡ್‌ನ ಸಂದಿಯಲ್ಲಿ ಗಟ್ಟಿಯಾದರೆ ಪೆನ್ನು ಮುಗೀತು. ಅದು ಅದ್ದಿ ಬರೆಯುವ ನಿಬ್ಬಿಗೆ.

ಹಾಳೆ 300 ಜಿಎಸ್‌ಎಂ ಹಾಟ್ ಪ್ರೆಸ್ (ನುಣುಪು ಮೈಯದ್ದು) ಇರಲಿ. ಜುಲೈನಲ್ಲಿ ಅದೂ ತೇವ ಹೀರುತ್ತೆ, ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಒಣಗಲು ಬೇಸಿಗೆಗಿಂತ ಜಾಸ್ತಿ ಹೊತ್ತು ಬೇಕು: ಮೂಲೆಯಲ್ಲಿ ಒಂದು ದಪ್ಪ ಗೆರೆ ಎಳೆದು, ಒದ್ದೆ ಬೆರಳಲ್ಲಿ ಉಜ್ಜಿ ನೋಡಿದ ಮೇಲೇ ವಾಶ್.

ಫೋರ್ಟ್_ಪಾದಚಾರಿ:
ಗುಮ್ಮಟ ದುಂಡಗಿಲ್ಲ ಸರ್, ಅಷ್ಟಕೋನ, ಮೈಮೇಲೆ ಏಣುಗಳಿವೆ. ಬುಡ ನಿಮ್ಮ ಕಣ್ಣಿನ ಮಟ್ಟಕ್ಕಿಂತ ಎಷ್ಟೋ ಮೇಲಿದೆ, ಹಾಗಾಗಿ ಬುಡದ ಮುಂಭಾಗದ ಅಂಚು ಕಮಾನಿನಂತೆ ಮೇಲಕ್ಕೆ ಬಾಗಬೇಕು. ಕೆಳಕ್ಕೆ ಬಾಗಿಸಿದರೆ ಬಟ್ಟಲೇ ಆಗೋದು. ನಟ್ಟನಡುವಿನ ಏಣು ಮೊದಲು, ಆಮೇಲೆ ಎರಡು ಬದಿ. ಅಂಚಿಗೆ ಹೋದಷ್ಟೂ ಅಂತರ ಕಿರಿದಾಗಲಿ. ಗಟ್ಟಿ ಸೀಸದ 2ಎಚ್ ಪೆನ್ಸಿಲಿನಲ್ಲಿ ಇಷ್ಟು ಸಾಕು, ಕಿಟಕಿಗಳಿಗೆ ನೇರವಾಗಿ ಪೆನ್ನು.

ಮುಖ್ಯ ಮುಖ ಪಶ್ಚಿಮಕ್ಕಿದೆ. ಬೆಳಿಗ್ಗೆ ಕಟ್ಟಡ ಬರೀ ನೆರಳು, ಕೆತ್ತನೆ ಬೇಕಿದ್ದರೆ ಮೂರು ಗಂಟೆಯ ಮೇಲೆ ಹೋಗಿ, ಪಾಲಿಕೆ ಕಟ್ಟಡದ ಕಡೆ ನಿಲ್ಲಿ. ಎಫ್.ಡಬ್ಲ್ಯು. ಸ್ಟೀವನ್ಸ್ ವಿನ್ಯಾಸ, 1888ರಲ್ಲಿ ಮುಗಿದದ್ದು. ಅಷ್ಟೂ ಅಲಂಕಾರ ಎ4 ಹಾಳೆಗೆ ಹಿಡಿಯೋದಿಲ್ಲ. ಒಂದು ಮೂಲೆ ಬಿಡಿಸಿ ಬರೆದು, ಉಳಿದದ್ದಕ್ಕೆ ಹೊರಗೆರೆ ಹಾಕಿ ಬಿಟ್ಟುಬಿಡಿ. ಒತ್ತೊತ್ತಾಗಿ ತುಂಬಿಯೂ ಗಜಿಬಿಜಿ ಆಗದಿರೋದು ನೋಡಬೇಕೆಂದರೆ ಕೊಲಾಬಾದ ಕೆಫೆ ಮೊಂಡೆಗಾರ್ ಗೋಡೆಗಳ ಮೇಲಿನ, ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡಾ ಚಿತ್ರಗಳಿವೆ. ಅಲ್ಲಿ ಕಪ್ಪು ಎಲ್ಲೆಲ್ಲಿ ಗಟ್ಟಿಯಾಗಿ ಬಿದ್ದಿದೆ, ಅದನ್ನಷ್ಟೇ ಗಮನಿಸಿ. ಕಾಫಿ ದುಬಾರಿ, ಅದು ಬೇರೆ ಮಾತು.

ಠಾಣೆ_ಚೌಕಟ್ಟು:
ಕೆಲಸದ ವಿಷಯ. ಇಂಕಿನಲ್ಲಿ ತಿದ್ದುಪಡಿ ಇಲ್ಲ, ಹಾಗಾಗಿ ಪೆನ್ಸಿಲ್ ಲೇಔಟ್‌ಗೆ ಬರಹದಲ್ಲಿ ಒಪ್ಪಿಗೆ ತಗೊಂಡ ಮೇಲೇ ಪೆನ್ನು ಹಿಡಿಯಿರಿ. ಹಕ್ಕಿನ ಮಾತು ಯಾರೂ ಆಡೋದಿಲ್ಲ, ಆಡಲೇಬೇಕು: 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಬರೆಸಿದ ಪೇಂಟಿಂಗಿನ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ಬರೆಸಿದವರದ್ದು. ಪ್ರಿಂಟ್ ಮಾರುವ ಯೋಚನೆ ಇದ್ದರೆ ಹಕ್ಕು ನಿಮ್ಮಲ್ಲೇ ಉಳಿಯುವಂತೆ ಕರಾರಿನಲ್ಲಿ ಬರೆಸಿ, ಮೂಲಚಿತ್ರ ಕೊಡುವ ಮೊದಲು 600 ಡಿಪಿಐ ಸ್ಕ್ಯಾನ್ ಇಟ್ಟುಕೊಳ್ಳಿ. ಫ್ರೇಮಿನಲ್ಲಿ ಮೌಂಟ್, ಅಂದರೆ ಗಾಜು-ಹಾಳೆಯ ನಡುವೆ ಅಂತರ ಬಿಡಿಸುವ ರಟ್ಟು, ಹಾಕಿಸಿ. ಇಲ್ಲಿನ ತೇವಕ್ಕೆ ಗಾಜು ಹಾಳೆಗೆ ತಾಗಿದರೆ ಬೂಸ್ಟು ಗ್ಯಾರಂಟಿ.

ಡೊಂಬಿವಲಿ_ಗೆರೆ:
ಮುಂಗಡ ಎಷ್ಟು ಕೇಳೋದು?

ಠಾಣೆ_ಚೌಕಟ್ಟು:
ಅರ್ಧ. ಲೇಔಟ್ ಒಪ್ಪಿದ ದಿನವೇ.