ಛೇದಕ ಮತ್ತು ಸಮಾಂತರ ರೇಖೆ: ಯಾವಾಗ ಸಮ, ಯಾವಾಗ 180°?

ಪ್ರಶ್ನೆ
ಎಬಿ, ಸಿಡಿ ಎರಡು ಅಡ್ಡಗೆರೆ, ಸಮಾಂತರ. ಬಿ, ಡಿ ಎರಡೂ ಬಲತುದಿಯಲ್ಲಿವೆ. ಛೇದಕವೊಂದು ಮೇಲಿನ ಗೆರೆಯನ್ನು ಪಿ ಬಿಂದುವಿನಲ್ಲೂ ಕೆಳಗಿನದನ್ನು ಕ್ಯೂ ಬಿಂದುವಿನಲ್ಲೂ ಕತ್ತರಿಸುತ್ತದೆ. ಕೋನ ಬಿಪಿಕ್ಯೂ = 3ಎಕ್ಸ್ + 10, ಕೋನ ಪಿಕ್ಯೂಡಿ = 5ಎಕ್ಸ್ − 30. ಎರಡನ್ನೂ ಸಮ ಅಂತ ಇಟ್ಟರೆ ಎಕ್ಸ್ = 20, ಕೋನ 70° ಬರುತ್ತೆ. ಪುಸ್ತಕದ ಹಿಂದಿನ ಉತ್ತರ 25. ಎಲ್ಲಿ ತಪ್ಪಾಯ್ತು?

ಉತ್ತರ 1
ಸಮೀಕರಣ ಬಿಡಿಸಿದ್ದು ಸರಿ, ಜೋಡಿ ಗುರುತಿಸಿದ್ದು ತಪ್ಪು. ಎರಡು ಕೋನಗಳೂ ಸಮಾಂತರ ರೇಖೆಗಳ ನಡುವೆ ಇವೆ, ಎರಡೂ ಛೇದಕದ ಬಲಕ್ಕೇ ಇವೆ. ಹಾಗಾಗಿ ಅವು ಒಂದೇ ಪಾರ್ಶ್ವದ ಒಳಕೋನಗಳು, ಮೊತ್ತ 180°. 8ಎಕ್ಸ್ − 20 = 180, ಎಕ್ಸ್ = 25; ಕೋನಗಳು 85° ಮತ್ತು 95°. ಪಿಕ್ಯೂಡಿ ಬದಲು ಪಿಕ್ಯೂಸಿ ಕೊಟ್ಟಿದ್ದರೆ ಅದು ಪರ್ಯಾಯ ಕೋನ, ಅಂದರೆ ಛೇದಕದ ಇನ್ನೊಂದು ಬದಿಯ ಒಳಕೋನ; ಅವು ಸಮ, ಆಗ ನಿಮ್ಮ 20 ಸರಿ. ಒಂದೇ ಅಕ್ಷರದ ವ್ಯತ್ಯಾಸ! ಮೂರೂ ಅಕ್ಷರಗಳ ಮೇಲೆ ಬೆರಳಾಡಿಸಿ, ಕೋನ ಛೇದಕದ ಯಾವ ಬದಿಗಿದೆ ಅಂತ ನೋಡಿಕೊಂಡೇ ಸಮೀಕರಣ ಬರೆಯಿರಿ.

ಉತ್ತರ 2
ಇಲ್ಲಿ ತಪ್ಪು ಉತ್ತರವೂ ಪೂರ್ಣಾಂಕವಾಗಿಯೇ ಬಂದಿರುವುದರಿಂದ ಅನುಮಾನ ಬರುವುದಿಲ್ಲ. ಆ 70°, 70° ಅನ್ನೇ ಹಾಳೆಯ ಮೇಲೆ ಬರೆದು ನೋಡಿ. ಪಿಕ್ಯೂ 6 ಸೆಂ.ಮೀ. ನೇರವಾಗಿ ನಿಲ್ಲಿಸಿ, ಎರಡೂ ತುದಿಯಲ್ಲಿ ಕೋನಮಾಪಕ ಇಟ್ಟು ಬಲಕ್ಕೆ, ಒಳಮುಖವಾಗಿ 70° ಗುರುತು ಮಾಡಿ ಗೆರೆ ಎಳೆಯಿರಿ. ಪಿಕ್ಯೂನಿಂದ ಸುಮಾರು 8.2 ಸೆಂ.ಮೀ. ದೂರದಲ್ಲಿ ಎರಡೂ ಗೆರೆ ಕೂಡಿಕೊಂಡು ತ್ರಿಭುಜವೇ ಆಗಿಬಿಡುತ್ತದೆ, ತುದಿಯಲ್ಲಿ 40°. ಕೂಡುವ ಗೆರೆಗಳು ಸಮಾಂತರ ಹೇಗಾದಾವು?

ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನ ಐದನೇ ಆಧಾರ ಪ್ರತಿಜ್ಞೆ (ಸಾಧಿಸದೆ ಒಪ್ಪಿಕೊಂಡ ಮೂಲ ಹೇಳಿಕೆ) ಹೇಳುವುದು ಇದನ್ನೇ: ಒಂದು ಪಾರ್ಶ್ವದ ಒಳಕೋನಗಳ ಮೊತ್ತ ಎರಡು ಲಂಬಕೋನಕ್ಕಿಂತ ಕಡಿಮೆಯಿದ್ದರೆ ರೇಖೆಗಳು ಆ ಪಾರ್ಶ್ವದಲ್ಲೇ ಸೇರುತ್ತವೆ. ಅವನು ತನ್ನ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಪುಸ್ತಕದ ಮೊದಲ 28 ಪ್ರಮೇಯಗಳನ್ನು ಈ ಪ್ರತಿಜ್ಞೆ ಮುಟ್ಟದೆಯೇ ಸಾಧಿಸಿ, 29ನೆಯದರಲ್ಲಿ ಮೊದಲ ಸಲ ಬಳಸುತ್ತಾನೆ. ಆ 29ನೆಯದೇ ನಾವಿಲ್ಲಿ ಬಳಸುತ್ತಿರುವ ಪ್ರಮೇಯ: ರೇಖೆಗಳು ಸಮಾಂತರವಾದರೆ ಪರ್ಯಾಯ ಕೋನಗಳು ಸಮ, ಒಂದೇ ಪಾರ್ಶ್ವದ ಒಳಕೋನಗಳ ಮೊತ್ತ 180°. ‘ಪರ್ಯಾಯ ಕೋನಗಳು ಸಮವಾದರೆ ರೇಖೆಗಳು ಸಮಾಂತರ’ ಎಂಬ ವಿಲೋಮ 27ನೆಯದು, ಅದಕ್ಕೆ ಐದನೇ ಪ್ರತಿಜ್ಞೆ ಬೇಕಿಲ್ಲ. ಎಷ್ಟು ಚೆಂದದ ಜೋಡಣೆ! ಕಾರಣ ಬರೆಯುವಾಗ ಈ ಎರಡನ್ನೂ ಅದಲುಬದಲು ಮಾಡಬೇಡಿ.

ಉತ್ತರ 3
ಇದರ ಮುಂದಿನ ಹೆಜ್ಜೆಯಲ್ಲೂ ಇದೇ ಗೊಂದಲ ಬರುತ್ತೆ. ಎ ಮೇಲಿನ ಗೆರೆಯಲ್ಲಿ, ಸಿ ಕೆಳಗಿನ ಗೆರೆಯಲ್ಲಿ, ಇ ನಡುವೆ ಬಲಕ್ಕೆ. ಬಿಎಇ = 35°, ಡಿಸಿಇ = 50°. ಎಇಸಿ ಎಷ್ಟು? ಎಇ ಮೇಲಿನ ಗೆರೆಗಷ್ಟೇ ತಾಗಿದೆ, ಸಿಇ ಕೆಳಗಿನದಕ್ಕಷ್ಟೇ. ಎರಡು ಸಮಾಂತರ ರೇಖೆಗೂ ತಾಗುವ ಛೇದಕವೇ ಇಲ್ಲದಿರುವಾಗ ಪರ್ಯಾಯ ಕೋನದ ಮಾತೇ ಇಲ್ಲ. ಇ ಮೂಲಕ ಎಡಕ್ಕೆ ಎಬಿಗೆ ಸಮಾಂತರವಾಗಿ ಇಎಫ್ ಎಳೆಯಿರಿ. ಈಗ ಎಇ, ಸಿಇ ಎರಡೂ ಛೇದಕಗಳಾದವು; ಪರ್ಯಾಯ ಕೋನಗಳಿಂದ ಎಇಎಫ್ 35°, ಸಿಇಎಫ್ 50°, ಒಟ್ಟು 85°. ಇಎಫ್ ಎಳೆದದ್ದನ್ನು ‘ರಚನೆ’ ಅಂತ ಉತ್ತರದಲ್ಲಿ ಮೊದಲೇ ಬರೆಯಿರಿ, ಇಲ್ಲದಿದ್ದರೆ ಆಮೇಲಿನ ಎರಡು ಹಂತಕ್ಕೂ ಆಧಾರ ಇರುವುದಿಲ್ಲ.